ಸೊಪ್ಪು ಕಟ್ಟುತ್ತಾ ಕಲಿತ ಇಂಗ್ಲಿಷು

ಹೊಗೆಸೊಪ್ಪು ಕಟ್ಟೋದಕ್ಕೆ ಇಬ್ಬರು ಬೇಕು. ಒಬ್ಬರು ಮೂರು ಮೂರು ಎಲೆಯ ತೊಟ್ಟು ಜೋಡಿಸಿ ಕೊಡಬೇಕು, ಇನ್ನೊಬ್ಬರು ಅದನ್ನ ದಾರ ಸುತ್ತಿ ಕಡ್ಡಿಗೆ ಕಟ್ಟಬೇಕು. ನಮ್ಮ ಮನೆಯಲ್ಲಿ ಕೊಡುವವಳು ನಾನು, ಕಟ್ಟುವವಳು ಸೊಸೆ. ಅವಳು ಬಂದ ವರ್ಷದಿಂದ ಹಾಗೇ. ಕೊಡುವ ಕೈ ಆತುರಪಟ್ಟರೆ ಗಂಟು ಸಡಿಲ ಬೀಳುತ್ತೆ. ಆಮೇಲೆ ಬ್ಯಾರನ್ನಿಗೆ, ಅಂದ್ರೆ ಸೊಪ್ಪು ಹದ ಮಾಡೋ ಮನೆಗೆ, ಬೆಂಕಿ ಕೊಟ್ಟು ಬೇಯಿಸುವಾಗ ಎಲೆ ಜಾರಿ ಕಾದ ಕೊಳವೆ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತೆ. ಅದಕ್ಕೇ ಇಬ್ಬರ ಕೈಯೂ ಒಂದೇ ಸಮ ನಡೀಬೇಕು.

ಸೊಸೆ ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲು. ಫೇಲಾದ ಮೇಲೆ ಮದುವೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಹಾಗಾಗಿ ಅದನ್ನ ಎತ್ತಿ ಆಡಲಿಲ್ಲ. ಹೋದ ವರ್ಷ ನಮ್ಮೂರ ಅಂಗನವಾಡಿಯಲ್ಲಿ ಸಹಾಯಕಿ ಜಾಗ ಖಾಲಿಯಾಗುತ್ತೆ ಅಂತ ಗೊತ್ತಾಯಿತು. ಊರಿನವಳೇ ಆಗಬೇಕು, ಹತ್ತನೆಯದು ಪಾಸಾಗಿರಬೇಕು.

"ಅತ್ತೆ, ಮರುಪರೀಕ್ಷೆ ಕಟ್ಲಾ?" ಅಂದಳು. "ಈ ಸೊಪ್ಪಿನ ಅಂಟು ಬುಟ್ಟು ಬೇರೆ ಏನಾದ್ರೂ ಕೈಗೆ ಹತ್ಲಿ ಅಂತ ಆಸೆ."

"ಕಟ್ಟು. ನನ್ನೇನು ಕೇಳೋದು?" ಅಂದೆ.

ಕಟ್ಟಿದಳು. ಪರೀಕ್ಷೆ ಬಂದಿದ್ದು ಸೊಪ್ಪು ಮುರಿಯೋ ಕಾಲಕ್ಕೆ. ಓದೋಕೆ ಹೊತ್ತೆಲ್ಲಿ? ಏಳನೇ ಕ್ಲಾಸಿನ ಮೊಮ್ಮಗಳು ಸಂಜೆ ಒಲೆ ಮುಂದೆ ಕೂತು ಅಮ್ಮನಿಗೆ ಪಾಠ ಹೇಳುತ್ತಿದ್ದಳು. ಇಂಗ್ಲಿಷಿನಲ್ಲಿ ಒಂದಿದ್ದರೆ ಒಂದು ಮಾತು, ಜಾಸ್ತಿ ಇದ್ದರೆ ಇನ್ನೊಂದು. ಬೆಕ್ಕು ನಾಯಿಗೆಲ್ಲ ಕೊನೆಗೆ ಒಂದು 'ಸ್' ಹಚ್ಚಿದರೆ ಮುಗೀತು. ಕೆಲವು ಮಾತ್ರ ಒಳಗೇ ಬದಲಾಗುತ್ತವೆ. ಮ್ಯಾನ್ ಹೋಗಿ ಮೆನ್. ಟೂತ್ ಹೋಗಿ ಟೀತ್. ಎತ್ತು ಒಂದಾದರೆ ಆಕ್ಸ್, ಜೋಡಿಯಾದರೆ ಆಕ್ಸನ್.

"ಯಾಕಮ್ಮಿ ಅಂಗೆ?" ಅಂದೆ.

"ಅಂಗೇ ಕಣಜ್ಜಿ. ಇವಕ್ಕೆ ರೂಲ್ಸ್ ಇಲ್ಲ, ಬಾಯಿಪಾಠ ಮಾಡ್ಬೇಕು."

"ರೂಲ್ಸ್ ಇಲ್ಲ ಅಂದ್ಮೇಲೆ ನಂಗೂ ಬತ್ತದೆ ಬುಡು."

ಮಾರನೇ ದಿನ ಎಲೆ ಕೊಡುತ್ತಾ "ಮ್ಯಾನ್" ಅಂದೆ. ಸೊಸೆ ಕಟ್ಟುತ್ತಾ "ಮೆನ್" ಅಂದಳು. ಇನ್ನೊಂದು ಸಲ ಕೊಟ್ಟೆ, "ಟೂತ್". "ಟೀತ್". ಕಡ್ಡಿ ತುಂಬಿತು. ನನಗೆ ಇಂಗ್ಲಿಷಿನ ಒಂದಕ್ಷರ ಓದೋಕೆ ಬರದಿದ್ದರೂ ಕಿವಿಗೆ ಬಿದ್ದಿದ್ದು ಬಾಯಿಗೆ ಬರುತ್ತೆ.

ಬ್ಯಾರನ್ ತುಂಬುವ ದಿನ ಅಕ್ಕಪಕ್ಕದ ಹೆಂಗಸರು ಮುಯ್ಯಾಳಾಗಿ ಬರುತ್ತಾರೆ, ಅವರ ಸೊಪ್ಪಿಗೆ ನಾವೂ ಹೋಗುತ್ತೇವೆ. ಅವರಿಗೆ ನಾವಿಬ್ಬರು ಒಳ್ಳೆ ತಮಾಷೆಯಾದೆವು.

"ಏನಕ್ಕ, ಮೇಡಮ್ಮಾಗ್ಬುಟ್ಟೆ!" ಅಂದಳು ಪಕ್ಕದ ಮನೆಯವಳು. "ಹಲ್ಲಿಗೆ ಏನಂತೆ?"

"ಒಂದಿದ್ರೆ ಟೂತು, ಬಾಯ್ತುಂಬ ಇದ್ರೆ ಟೀತು."

"ಹಂಗಾರೆ ನಿಂದು ಟೂತೇ ಕಣಕ್ಕ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಇರೋದು ಇರೋದೇ. ನನಗೆ ಹಿಡಿಸಿದ್ದು ಕುರಿ. ಒಂದಿದ್ದರೂ ಶೀಪು, ಹಟ್ಟಿ ತುಂಬ ಇದ್ದರೂ ಶೀಪು. ನಾವು ನೂರು ಕುರಿ ಅನ್ನಲ್ವಾ, ಹಾಗೆ.

ಪರೀಕ್ಷೆಗೆ ಒಂದು ವಾರ ಇದ್ದಾಗ, ಊಟಕ್ಕೆ ಕೂತಿದ್ದೆವು. ಮೊಮ್ಮಗಳು ಇದ್ದಕ್ಕಿದ್ದಂಗೆ "ಅಮ್ಮ, ಮೌಸ್?" ಅಂದಳು.

ಸೊಸೆ ಮುದ್ದೆ ಮುರಿದ ಕೈಯನ್ನ ಹಾಗೇ ಹಿಡಿದುಕೊಂಡು ಕೂತಳು. "ತಡಿ" ಅಂದಳು. ಮ್ಯಾನ್ ಮೆನ್, ಟೂತ್ ಟೀತ್ ಅಂತ ಮೊದಲಿಂದ ಶುರು ಮಾಡಿದಳು. ಎಡಗೈ ನನ್ನ ಕಡೆ ಬಂತು, ಎಲೆ ಇಸ್ಕೊಳ್ಳೋ ಹಾಗೆ. ಕೈಗೆ ಏನೂ ಬರಲಿಲ್ಲ, ಮಾತೂ ಬರಲಿಲ್ಲ.

"ಪರೀಕ್ಷೆಗೆ ಅಜ್ಜಿನೂ ಕರ್ಕೊಂಡೋಗು, ಎಲೆ ಕೊಡ್ತಾಳೆ" ಅಂತ ನಕ್ಕಳು ಮೊಮ್ಮಗಳು. ಸೊಸೆ ನಗಲಿಲ್ಲ. ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು. "ಬುಡಿ ಅತ್ತೆ. ಈ ಸಲವೂ ಅಷ್ಟೇ ನನ್ನ ಹಣೇಬರ" ಅಂದಳು.

"ಹಣೇಬರ ಅಲ್ಲ. ದಿನಾ ಒಂದೇ ಸಾಲು ಹಿಡಿದು ಕೊಟ್ಟೋಳು ನಾನು. ನಿನ್ನ ಕೈ ಕಲಿತು, ತಲೆ ಕಲೀಲಿಲ್ಲ. ಕೂತ್ಕೊಂಡು ಉಣ್ಣು."

ಮಾರನೇ ದಿನದಿಂದ ಸಾಲು ಕೆಡಿಸಿದೆ. ಸೊಪ್ಪು ಬಿಟ್ಟು ಬೇರೆ ಕಡೆಯೆಲ್ಲ ಕೇಳಿದೆ. ಹಾಲು ಕರೆಯೋವಾಗ "ಚೈಲ್ಡ್?", ನಲ್ಲಿ ಹತ್ತಿರ "ಫೂಟ್?", ಅವಳು ಗಂಡನ ಮೇಲೆ ರೇಗುತ್ತಿದ್ದಾಗ "ಮೌಸ್?". "ಮೈಸ್! ಸುಮ್ಕಿರಿ ಅತ್ತೆ!" ಅಂತ ನನ್ನ ಮೇಲೂ ರೇಗಿದಳು. ಸರಿ, ಬಂತಲ್ಲ. ಬರೆಯೋದನ್ನ ಮೊಮ್ಮಗಳು ನೋಡಿಕೊಂಡಳು. ಬ್ಯಾರನ್ನಿನ ಮುಂದಿನ ಜಗಲಿ ಮೇಲೆಲ್ಲ ಇದ್ದಿಲಲ್ಲಿ ಬರೆಸಿ ಕರಿ ಮಾಡಿಟ್ಟಳು.

ಪರೀಕ್ಷೆ ದಿನವೇ ಬ್ಯಾರನ್ ತುಂಬೋದೂ ಬಂತು. ಮುರಿದು ತಂದ ಸೊಪ್ಪು ಕಾಯಲ್ಲ. ಮಗ ತಲೆ ಕೆರೆದುಕೊಂಡು ನಿಂತ. "ಅವ್ವ, ಇವಳು ಪಿರಿಯಾಪಟ್ನಕ್ಕೆ ಹೋದ್ರೆ ಕಟ್ಟೋರು ಯಾರು?"

"ನಾನು ಕಟ್ತೀನಿ. ನೀನು ಕೊಡು."

"ಗಂಡಸ್ರು ಕೂತ್ಕೊಂಡು ಎಲೆ ಕೊಡ್ತಾರಾ?"

"ಕೊಟ್ಟೋನು ಗಂಡ್ಸೋ ಹೆಂಗ್ಸೋ, ಎಲೆಗೇನ್ಲಾ ಗೊತ್ತಾಯ್ತದೆ? ಕೂತ್ಕೊ."

ಕೂತ. ಮುಯ್ಯಾಳುಗಳು ದಿನವಿಡೀ ಅವನನ್ನ "ಏನವ್ವ ತಾಯಿ" ಅಂತ ಕರೆದು ಗೋಳು ಹುಯ್ಕೊಂಡರು. ತೊಟ್ಟು ಒಂದು ಕಡೆ, ತುದಿ ಒಂದು ಕಡೆ ಮಾಡಿ ಕೊಟ್ಟ. ನನ್ನ ಕೈಯೂ ಕಟ್ಟೋದು ಮರೆತಿತ್ತು. ಹೊತ್ತು ಮುಳುಗೋ ಹೊತ್ತಿಗೆ ಹೇಗೋ ಮುಗೀತು.

ಅಷ್ಟರಲ್ಲಿ ಸೊಸೆ ಬಸ್ಸಿಳಿದು ಬಂದಳು. "ಎಂಗೆ ಬರ್ದೆ?" ಅಂದೆ.

"ಅವು ಬಂದಿದ್ದು ಎರಡೇ ಅತ್ತೆ. ಟೂತು, ಆಕ್ಸು."

"ಇಷ್ಟೆಲ್ಲ ಬಡ್ಕೊಂಡಿದ್ದಕ್ಕೆ ಎರಡೇನಾ? ಬರೆದ್ಯಾ?"

"ಬರೆದೆ. ಆದ್ರೆ ಬೆಂಚಿನ ಕೆಳಗೆ ಎಡಗೈ ತಾನೇ ಆಡ್ತಿತ್ತು. ಚೀಟಿ ಇಟ್ಕೊಂಡಿದೀನಿ ಅಂತ ಮೇಡಮ್ಮು ಬಂದು ಕೈ ಬಿಚ್ಚಿಸಿ ನೋಡುದ್ರು. ಸೊಪ್ಪಿನ ಕರೆ ಬುಟ್ರೆ ಏನಿತ್ತು?" ಅಂದು ನಕ್ಕಳು. ಒಂದು ವಾರದಿಂದ ಅವಳು ನಕ್ಕಿದ್ದು ಅದೇ ಮೊದಲು.

ಪಾಸಾದಳು, ಅಂಚಿನಲ್ಲಿ. ಅಂಚಾದರೂ ಪಾಸು ಪಾಸೇ. ಜಾಗಕ್ಕೆ ಇನ್ನೂ ಇಬ್ಬರು ಅರ್ಜಿ ಹಾಕಿದ್ದರು, ಇವಳಿಗೇ ಸಿಕ್ಕಿತು.

ಈ ವರ್ಷ ಎಲೆ ಕೊಡೋನು ಮಗ, ಕಟ್ಟೋಳು ನಾನು. ಅವನು ಈಗಲೂ ತೊಟ್ಟು ನೆಟ್ಟಗೆ ಜೋಡಿಸಲ್ಲ. ಅಂಗನವಾಡಿ ಮುಗಿಸಿ ಬಂದ ಮೇಲೆ ಸೊಸೆ ಸೀರೆ ಬದಲಾಯಿಸಿ, ಗಂಡನನ್ನ ಎಬ್ಬಿಸಿ ತಾನು ಕೂರುತ್ತಾಳೆ. ಮೊದಲನೇ ದಿನ ಮೂರು ಎಲೆ ಕೈಗಿಟ್ಟು ನನ್ನನ್ನೇ ಕೇಳಿದಳು.

"ಅತ್ತೆ, ಮೌಸ್?"

"ಮೈಸು. ಬಾಯಿ ಮುಚ್ಕೊಂಡು ಎಲೆ ಕೊಡು" ಅಂದೆ.