ದೀಪ ಆರಿಸಿದ ಅರ್ಧ ತಾಸು

ಶಹಾಪುರಕ್ಕೆ ಬಂದ ಮೂರನೆಯ ಸಂಜೆ ನಾನು ಕಂಡದ್ದು ಇದು: ನಲವತ್ತು ಜನ ಮನೆಗೆ ಬೀಗ ಹಾಕಿ, ಚಾಪೆ ಹಿಡಿದು ಬಯಲಿಗೆ ಬಂದು, ಮುಳುಗುತ್ತಿದ್ದ ಸೂರ್ಯನಿಗೆ ಬೆನ್ನು ಹಾಕಿ ಕುಳಿತಿದ್ದರು. ಆಕಾಶ ಕೆಂಪಾಗಿತ್ತು. ಒಬ್ಬರೂ ತಿರುಗಿ ನೋಡಲಿಲ್ಲ.

ಕುಂದಾಪುರದ ಕಡೆಯ ನಮಗೆ ಸಂಜೆ ಎಂದರೆ ಪಡುವಣ. ಕಡಲ ದಂಡೆಗೆ ಹೋದವರು ಸೂರ್ಯ ಪೂರ್ತಿ ಮುಳುಗುವವರೆಗೆ ನಿಂತು ಮನೆಗೆ ಬರುತ್ತೇವೆ. ಮೂಡಣ ದಿಕ್ಕಿನಲ್ಲಿ ತೆಂಗಿನ ತಲೆಗಳು, ಅವುಗಳಾಚೆ ಘಟ್ಟ. ಚಂದ್ರ ನಮ್ಮಲ್ಲಿ ಯಾವಾಗ ಹುಟ್ಟಿದನೆಂದು ಯಾರೂ ವಿಚಾರಿಸುವುದಿಲ್ಲ; ತೆಂಗಿನ ಮೇಲೆ ಬಂದಾಗ ಬಂದ ಎಂದು ತಿಳಿಯುತ್ತದೆ. ಇಲ್ಲಿ ಮರಗಳಿಲ್ಲ. ಬಯಲು, ಬಯಲಿನ ಕೊನೆಗೆ ಒಂದರ ಮೇಲೊಂದು ಪೇರಿಸಿಟ್ಟ ಹಾಗಿರುವ ಬಂಡೆಗಳ ಗುಡ್ಡ. ಆ ಗುಡ್ಡದ ಹಿಂದಿನಿಂದ ಹುಣ್ಣಿಮೆಯ ಚಂದ್ರ ಬರುವುದನ್ನು ನೋಡಲು ಓಣಿ ಕಾದು ಕುಳಿತಿತ್ತು. ಓಣಿ ಎಂದರೆ ಕೇರಿ.

ಬಂಡೆಯ ಅಂಚಿನಲ್ಲಿ ಬೆಳಕಿನ ಗೆರೆ ಕಂಡ ಕೂಡಲೇ ನಾನು ‘ಬಂತು!’ ಎಂದೆ. ಎಲ್ಲರೂ ನನ್ನನ್ನು ನೋಡಿದರು. ಆಮೇಲೆ ನಗು ಎದ್ದಿತು. ಮನೆಯೊಡತಿ ಶರಣಮ್ಮ ನನ್ನ ತೊಡೆಯ ಮೇಲೆ ಕೈಯಿಟ್ಟು, ‘ಹೇಳಬಾರದ್ರಿ ಮೇಡಂ. ಯಾರಿಗೆ ಯಾವಾಗ ಕಾಣ್ತಾನೋ ಅವರು ಆವಾಗ ನೋಡಬೇಕು’ ಎಂದರು. ಹಿಂದಿನಿಂದ ಯಾರೋ, ‘ಬಿಡ್ರಿ ಯಕ್ಕಾ, ಪೇಪರಿನವರು. ಎಲ್ಲಾರಕಿಂತ ಮೊದಲ ಹೇಳಿದ್ರಽ ಅವರಿಗೆ ಪಗಾರ’ ಎಂದರು.

ಚಂದ್ರ ಬಂಡೆಯಿಂದ ಪೂರ್ತಿ ಬಿಡಿಸಿಕೊಳ್ಳುವವರೆಗೆ ಯಾರೂ ಮಾತಾಡಲಿಲ್ಲ. ನಂತರ ಎಲ್ಲರೂ ಕೈಮುಗಿದು ಬುತ್ತಿ ಬಿಚ್ಚಿದರು. ತಂದ ಬುತ್ತಿಯನ್ನು ತಂದವರು ಉಣ್ಣುವಂತಿಲ್ಲ, ಪಕ್ಕದವರಿಗೆ ಕೊಡಬೇಕು. ನಾನು ಏನೂ ತಂದಿರಲಿಲ್ಲ. ಆದರೂ ನನ್ನ ಎರಡೂ ಕೈ ತುಂಬಿದವು.

ನಾನು ಇಲ್ಲಿಗೆ ಬಂದದ್ದು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ್ತಿಯಾಗಿ. ಶಹಾಪುರ ಮತ್ತು ಸುರಪುರ ನನ್ನ ವ್ಯಾಪ್ತಿ. ವಾರಕ್ಕೊಮ್ಮೆ ಯಾದಗಿರಿಗೆ ಹೋಗಬೇಕು. ಮನೆ ಹುಡುಕಲು ಐದು ದಿನ ಬೇಕಾಗಬಹುದು ಅಂದುಕೊಂಡಿದ್ದೆ, ಎರಡೇ ದಿನಕ್ಕೆ ಸಿಕ್ಕಿತು. ಶರಣಮ್ಮನ ಗಂಡನದು ಬಸ್ ನಿಲ್ದಾಣದ ಹತ್ತಿರ ಕಿರಾಣಿ ಅಂಗಡಿ. ಮನೆಯ ಹಿಂಭಾಗದ ಎರಡು ಕೋಣೆ ಖಾಲಿ ಇದ್ದವು. ಶರಣಮ್ಮ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಸಂದರ್ಶನ ಮಾಡಿದರು.

‘ಒಬ್ಬಾಕೀನಽ ಇರ್ತೀರೇನ್ರಿ?’

‘ಹೌದು.’

‘ಹೆದರಿಕಿ ಬರಂಗಿಲ್ಲೇನು?’

‘ಇಲ್ಲ.’

‘ನನಗ ಬರ್ತದ್ರಿ, ನಿಮ್ಮನ್ನ ನೋಡಿದ್ರ. ಬರ್ರಿ, ಒಳಗ ಬರ್ರಿ.’

ಇಲ್ಲಿಯ ಮಾತು ಮೊದಲ ತಿಂಗಳು ನನಗೆ ಜಗಳದ ಹಾಗೆ ಕೇಳುತ್ತಿತ್ತು. ನಮ್ಮ ಕಡೆ ಅಂಗಡಿಯವನು ಮೊದಲು ಯೋಗಕ್ಷೇಮ ಕೇಳಿ, ಮಳೆಯ ಬಗ್ಗೆ ನಾಲ್ಕು ಮಾತಾಡಿ, ಆಮೇಲೆ ಎಂತ ಬೇಕು ಎನ್ನುತ್ತಾನೆ. ಇಲ್ಲಿ ‘ಏನ್ ಬೇಕು, ಜಲ್ದಿ ಹೇಳ್ರಿ’. ಆ ಕೊನೆಯ ‘ರಿ’ಯಲ್ಲೇ ಮರ್ಯಾದೆಯೆಲ್ಲ ಇದೆ, ನಿಜವಾದ ಸಿಟ್ಟು ಬಂದಾಗ ಅದು ಬಿದ್ದುಹೋಗುತ್ತದೆ ಎಂದು ತಿಳಿಯಲು ಎರಡು ತಿಂಗಳು ಹಿಡಿಯಿತು. ಊಟಕ್ಕೆ ಕುಚ್ಚಲಕ್ಕಿ ಇಲ್ಲ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಯ, ಶೇಂಗಾ ಹಿಂಡಿ. ಹಿಂಡಿ ಎಂದರೆ ಚಟ್ನಿಪುಡಿ. ಅಮ್ಮ ದಿನವೂ ಫೋನಿನಲ್ಲಿ, ‘ಅಲ್ಲಿ ಮೀನ್ ಸಿಕ್ಕತ್ತಾ ಮಗಾ?’ ಎಂದು ಕೇಳುತ್ತಿದ್ದಳು. ಕೃಷ್ಣಾ ಹೊಳೆಯ ಮೀನು ಸಿಗುತ್ತದೆ ಎಂದರೆ ಅದು ಅವಳಿಗೆ ಲೆಕ್ಕಕ್ಕಿಲ್ಲ. ಹೊಳೆಯದು ಮೀನೇ ಅಲ್ಲ.

ಒಮ್ಮೆ ದೇವಾಪುರದಿಂದ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ನನ್ನ ಮಾತು ಕೇಳಿ, ‘ಸುರಪುರದವರೇನ್ರಿ ನೀವು?’ ಎಂದು ಕೇಳಿದಳು. ಆ ಸಂಜೆ ಶರಣಮ್ಮನಿಗೆ ಅದನ್ನು ಹೇಳಿ ಎರಡು ಸಲ ನಗಿಸಿದೆ. ಮೂರನೆಯ ಸಲ ಹೇಳಲು ಹೋದಾಗ ಅವರು, ‘ಸಾಕ್ರಿ, ಪ್ರಶಸ್ತಿ ಬಂದಂಗ ಮಾಡಬ್ಯಾಡ್ರಿ’ ಎಂದರು.

ಬೇಸಿಗೆಯಲ್ಲಿ ನಾನು ಒಂದು ವರದಿ ಬರೆದೆ. ಮನೆಯಿಂದ ಮುಖ್ಯರಸ್ತೆಗೆ ಹೋಗಲು ಅದೇ ಬಯಲನ್ನು ದಾಟಬೇಕು. ಒಂದು ದೀಪವೂ ಇರಲಿಲ್ಲ. ಸಂಜೆ ಸುದ್ದಿ ಕಳಿಸಿ ಬರುವಾಗ ಕಲ್ಲು ಎಡವಿ ಮೊಣಕಾಲು ತರಚಿಕೊಂಡಿದ್ದೆ. ಆದರೆ ವರದಿಗಾರರು ತಮ್ಮ ಮೊಣಕಾಲಿನ ಬಗ್ಗೆ ಬರೆಯುವುದಿಲ್ಲ. ಬಯಲಿನ ಆಚೆ ದಡದಲ್ಲಿ, ಗುಡ್ಡದ ಬುಡಕ್ಕೆ ಒಂದು ಸಾಲು ತಗಡಿನ ಮನೆಗಳಿವೆ, ಹೊಳೆದಂಡೆಯ ಊರುಗಳಿಂದ ಕೂಲಿಗೆ ಬಂದು ನೆಲೆಸಿದವರವು. ಅಲ್ಲಿಯ ಮಾನಮ್ಮ ಎಂಬಾಕೆ ಹತ್ತಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಾಳೆ. ಹಿಂದಿನ ವರ್ಷ ಪಾಳಿ ಮುಗಿಸಿ ಕತ್ತಲಲ್ಲಿ ಬರುವಾಗ ಅವಳಿಗೆ ಚೇಳು ಕಡಿದಿತ್ತು. ಅವಳ ಮಾತು ಪಡೆದೆ, ಹೆಸರು ಹಾಕಲು ಒಪ್ಪಿಗೆ ಪಡೆದೆ, ಫೋಟೊ ತೆಗೆದೆ. ‘ಬರದ್ರ ಲೈಟ್ ಬರ್ತದೇನ್ರಿ ಅಕ್ಕೋರ?’ ಎಂದು ಕೇಳಿದಳು. ‘ಬರೆಯುವುದಷ್ಟೇ ನನ್ನ ಕೆಲಸ’ ಎಂದೆ. ಅದು ನಾವು ಎಲ್ಲರಿಗೂ ಕೊಡುವ ಉತ್ತರ.

ಲೈಟ್ ಬಂತು. ಶ್ರಾವಣದಲ್ಲಿ ಬಯಲಿನ ನಟ್ಟನಡುವೆ ಹೈಮಾಸ್ಟ್ ಕಂಬ ನಿಂತಿತು. ಎತ್ತರದ ಒಂದೇ ಕಂಬ, ತುದಿಯಲ್ಲಿ ಸುತ್ತಲೂ ದೀಪಗಳು. ವರದಿಯಿಂದ ಇಂಥ ಕೆಲಸವಾದಾಗ ಪತ್ರಿಕೆಗಳು ‘ಫಲಶ್ರುತಿ’ ಎಂಬ ಪಟ್ಟಿ ಹಾಕಿ ಇನ್ನೊಂದು ಸುದ್ದಿ ಮಾಡುತ್ತವೆ. ನನ್ನದೂ ಬಂತು. ಅಮ್ಮ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಾಳೆ. ಮಾನಮ್ಮ ಬಯಲಲ್ಲಿ ಎದುರಾದಾಗಲೆಲ್ಲ ಕೈಯೆತ್ತಿ ಕಂಬ ತೋರಿಸಿ ನಗುತ್ತಿದ್ದಳು.

ಮಳೆಗಾಲದ ಹುಣ್ಣಿಮೆಗಳಿಗೆ ಮೋಡ. ಯಾರೂ ಬಯಲಿಗೆ ಬರಲಿಲ್ಲ. ಮಳೆ ನಿಂತ ಮೇಲೆ ಶೀಗಿ ಹುಣ್ಣಿಮೆಗೆ ಓಣಿ ಮತ್ತೆ ಚಾಪೆ ಹಾಸಿತು. ಈ ಸಲ ನಾನೂ ಬುತ್ತಿ ತಂದಿದ್ದೆ; ಕಾಯಿತುರಿ ಹಾಕಿದ ಅವಲಕ್ಕಿ. ಬಾಯಿ ಮುಚ್ಚಿ ಕುಳಿತೆ. ಬಂಡೆಯ ಅಂಚು ಬೆಳ್ಳಗಾಗುವ ಹೊತ್ತಿಗೆ ತಲೆಯ ಮೇಲೆ ಟಕ್ಕೆಂದು ಸದ್ದಾಗಿ ಕಂಬದ ಅಷ್ಟೂ ದೀಪ ಹತ್ತಿದವು. ಗುಡ್ಡ ಕಾಣದಾಯಿತು. ನಮ್ಮ ಕೈ, ತಟ್ಟೆ, ಚಾಪೆಯ ಹರಕು ಎಲ್ಲ ಕಂಡವು. ಯಾರಿಗೂ ಕಾಣದೆಯೇ ಚಂದ್ರ ಮೇಲೆ ಬಂದಿದ್ದ. ಯಾರೋ ಬೆರಳು ಮಾಡಿ ತೋರಿಸಬೇಕಾಯಿತು. ಬೇಗ ಬೇಗ ಉಂಡು ಎದ್ದರು. ನನ್ನ ಅವಲಕ್ಕಿಯನ್ನು ಚೆನ್ನಾಗಿದೆ ಎಂದರು, ಆದರೆ ನಿಂತುಕೊಂಡೇ ತಿಂದರು.

ಮರುದಿನ ಶರಣಮ್ಮ ನನ್ನ ಕೋಣೆಗೆ ಬಂದು ಕುಳಿತರು. ಹಾಗೆ ಅವರು ಕುಳಿತದ್ದು ಅದೇ ಮೊದಲು.

‘ನೀವು ಬರದ್ರಿ, ಲೈಟ್ ಬಂತು. ತಪ್ಪು ಅನ್ನಂಗಿಲ್ಲ. ಆದ್ರ ನಾ ಈ ಮನಿಗೆ ಬಂದು ನಲವತ್ತು ವರ್ಷ ಆತು, ಮಳಿ-ಮೋಡ ಬಿಟ್ರ ಒಂದು ಹುಣ್ಣಿಮಿ ತಪ್ಪಿಸಿಲ್ಲ. ಮುಂದಿನ ತಿಂಗಳ ಗೌರಿ ಹುಣ್ಣಿಮಿಗೆ ಒಂದು ಅರ್ಧ ತಾಸು ಬಂದ್ ಮಾಡಸ್ರಿ.’ ತಾಸು ಎಂದರೆ ಗಂಟೆ.

‘ನಾನು ಹಾಗೆ ಕೇಳುವ ಹಾಗಿಲ್ಲ ಅಮ್ಮ.’

‘ಹಚ್ಚಲಿಕ್ಕೆ ಕೇಳಬಹುದು, ಆರಸಲಿಕ್ಕೆ ಕೇಳಬಾರದೇನು?’

ಸುದ್ದಿ ಕೊಡುವವರ ಬಳಿ ಸ್ವಂತಕ್ಕೆ ಏನನ್ನೂ ಕೇಳಬಾರದು. ಕೆಲಸಕ್ಕೆ ಸೇರಿದಾಗ ನನಗೆ ಕಲಿಸಿದ ಮೊದಲ ಪಾಠ ಇದು. ಒಂಬತ್ತು ವರ್ಷ ಪಾಲಿಸಿದ್ದೆ. ಆ ತಿಂಗಳು ಮಾತ್ರ ನನ್ನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಬೆಳಿಗ್ಗೆ ಕೇಳಬಾರದು ಎನ್ನುತ್ತಿದ್ದೆ. ಸಂಜೆ ಶರಣಮ್ಮ ಬಿಸಿ ರೊಟ್ಟಿಯನ್ನು ತಟ್ಟೆಯಲ್ಲಿ ಮುಚ್ಚಿಟ್ಟು ಹೋದಾಗ ಕೇಳಿಬಿಡೋಣ ಎನ್ನಿಸುತ್ತಿತ್ತು. ಅದೇ ಹೊತ್ತಿಗೆ ಕಚೇರಿಯಿಂದ ಪತ್ರ ಬಂತು: ಕರಾವಳಿ ಆವೃತ್ತಿಯಲ್ಲಿ ಒಂದು ಜಾಗ ಖಾಲಿ ಇದೆ, ಹೋಗುವುದಾದರೆ ವರ್ಷದ ಕೊನೆಯೊಳಗೆ ತಿಳಿಸಿ. ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಅದು ತೀರ್ಮಾನವೇ ಆಗಿಬಿಡುತ್ತದೆ. ಶರಣಮ್ಮನಿಗೂ ಹೇಳಲಿಲ್ಲ. ಕೊನೆಗೆ ಕಂಬದ ದೀಪ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್ ರಫೀಕರನ್ನು ಹುಡುಕಿಕೊಂಡು ಹೋದೆ.

‘ಅರ್ಧ ತಾಸು ಏನ್ ದೊಡ್ಡದಲ್ರಿ ಮೇಡಂ,’ ಅಂದರು. ‘ಸಾಹೇಬರಿಗೆ ಒಂದು ಮಾತು ಹೇಳಿ ಬಂದ್ ಮಾಡ್ತೀನಿ. ಆದ್ರ ಕತ್ತಲಿ ಅಂತ ಮತ್ತ ಪೇಪರಿನ್ಯಾಗ ಬರೀಬ್ಯಾಡ್ರಿ ನೀವು!’ ಹೇಳಿ ತಾವೇ ಜೋರಾಗಿ ನಕ್ಕರು. ನಾನೂ ನಕ್ಕೆ.

ಇಲ್ಲಿ ಒಂದು ತಿದ್ದುಪಡಿ ಕೊಡಬೇಕು. ಮೊದಲ ಹುಣ್ಣಿಮೆಯ ಮರುದಿನ ನಾನು ಅಮ್ಮನಿಗೆ ಫೋನಿನಲ್ಲಿ, ‘ಇಡೀ ಬಡಾವಣೆ ಒಟ್ಟಿಗೆ ಕೂತು ಚಂದ್ರನನ್ನು ನೋಡುತ್ತದೆ’ ಎಂದಿದ್ದೆ. ಅದು ತಪ್ಪು ಮಾಹಿತಿ. ಕುಳಿತವರು ಒಂದು ಓಣಿಯವರು. ಆಚೆಯ ತಗಡಿನ ಸಾಲಿನಿಂದ ಒಬ್ಬರೂ ಇರಲಿಲ್ಲ. ಬರಬೇಡಿ ಎಂದು ಯಾರೂ ಹೇಳಿಲ್ಲವಂತೆ. ಬನ್ನಿ ಎಂದೂ ಹೇಳಿಲ್ಲ. ಬಂದು ಹತ್ತು ತಿಂಗಳಾದರೂ ಇದನ್ನು ನಾನು ಗಮನಿಸಿರಲಿಲ್ಲ.

ಗೌರಿ ಹುಣ್ಣಿಮೆಯ ಸಂಜೆ ಆರಕ್ಕೆ ರಫೀಕ್ ಕಂಬದ ಬುಡದ ಪೆಟ್ಟಿಗೆ ತೆಗೆದು ದೀಪ ಆರಿಸಿದರು. ಕೆಲವರು ಚಪ್ಪಾಳೆ ತಟ್ಟಿದರು. ಹುಡುಗಿಯರು ಸಕ್ಕರೆಯ ಗೊಂಬೆಗಳ ಆರತಿ ತಟ್ಟೆ ಹಿಡಿದು ಸಾಲಾಗಿ ಕುಳಿತರು. ಶರಣಮ್ಮ ತಮ್ಮ ಚಾಪೆಯಲ್ಲಿ ಸರಿದು ನನಗೆ ಜಾಗ ಮಾಡಿದರು. ಕತ್ತಲಾಯಿತು, ಗುಡ್ಡ ಮತ್ತೆ ಎದ್ದು ಬಂತು. ಬಂಡೆಯ ಹಿಂದೆ ಬೆಳಕು ಸಿದ್ಧವಾಗುತ್ತಿತ್ತು.

ಆಗ ನಮ್ಮ ಬೆನ್ನ ಹಿಂದೆ, ಕಲ್ಲುಗಳ ನಡುವೆ ಒಂದು ಮೊಬೈಲ್ ಬೆಳಕು ಅತ್ತಿತ್ತ ಅಲುಗುತ್ತ ಬಂತು. ಒಂದೆರಡು ಹೆಜ್ಜೆ, ನಿಲ್ಲುವುದು, ಮತ್ತೆ ಒಂದೆರಡು ಹೆಜ್ಜೆ. ಮಾನಮ್ಮ. ಪಾಳಿ ಬಿಟ್ಟಿತ್ತು.

‘ಏನ್ರಿ, ಕರೆಂಟ್ ಹೋಗ್ಯಾದೇನು?’

ಓಣಿ ಗುಡ್ಡ ನೋಡುತ್ತಿತ್ತು.

‘ಮನ್ಯಾಗ ಎಲ್ಲಾ ಅದಲಾ ಕರೆಂಟ್! ಇದೊಂದ ಯಾರು ಬಂದ್ ಮಾಡ್ಯಾರ?’

ನಾನು ಎದ್ದು ನಿಂತೆ.

‘ನಾನು ಹೇಳಿ ಆರಿಸಿದ್ದು, ಮಾನಮ್ಮ. ಅರ್ಧ ತಾಸು ಅಷ್ಟೆ.’

ಅವಳು ಮೊಬೈಲ್ ಬೆಳಕನ್ನು ನನ್ನ ಮುಖಕ್ಕೆ ಹಿಡಿದಳು. ಗುರುತು ಸಿಕ್ಕಿದ ಮೇಲೂ ಇಳಿಸಲಿಲ್ಲ.

‘ನೀವಾ? ಹಚ್ಚಿಸಿದವರೂ ನೀವಽ, ಆರಿಸಿದವರೂ ನೀವಽ. ನಡುವ ನನ್ನ ಕಾಲು ಅದ.’

‘ಬಾರವ್ವ, ಕೂಡು. ಚಂದಪ್ಪನ್ನ ನೋಡಿ, ಒಂದು ತುತ್ತು ಉಂಡು ಹೋಗೀಯಂತ’ ಎಂದರು ಶರಣಮ್ಮ. ಅವರ ದನಿ ಎಂದಿನಂತಿರಲಿಲ್ಲ.

‘ನಮಗೂ ಕಾಣ್ತಾನ್ರಿ ಯವ್ವಾ, ದಾರ್ಯಾಗ,’ ಎಂದಳು ಮಾನಮ್ಮ. ‘ಹುಡುಗರು ಉಪಾಸ ಅದಾವು. ಕೂಡಲಿಕ್ಕೆ ಪುರಸೊತ್ತಿಲ್ಲ.’

ನಾನು ಟಾರ್ಚ್ ತೆಗೆದುಕೊಂಡು ಅವಳ ಜೊತೆ ಹೊರಟೆ. ಬೇಡ ಎನ್ನಲಿಲ್ಲ. ಬಯಲಿನ ಆ ಅರ್ಧದಲ್ಲೇ ಕಲ್ಲು ಹೆಚ್ಚು. ಚಂದ್ರ ಬಂದರೂ ಗುಡ್ಡದ ನೆರಳು ಅಲ್ಲಿಂದ ಸರಿಯಲು ಹೊತ್ತು ಬೇಕು, ಅದನ್ನೂ ನಾನು ಅಂದೇ ನೋಡಿದ್ದು. ಅವಳ ಕಾಲ ಮುಂದೆ ಬೆಳಕು ಹಿಡಿದು ನಡೆದೆ.

‘ಪ್ರತಿ ಹುಣ್ಣಿಮೆಗೆ ನಾನೇ ರಸ್ತೆಯ ತುದಿಯಲ್ಲಿ ಟಾರ್ಚ್ ಹಿಡಿದು ನಿಲ್ಲುತ್ತೇನೆ. ಮಿಲ್ಲಿಂದ ಬರುವವರನ್ನೆಲ್ಲ ದಾಟಿಸುತ್ತೇನೆ. ತಿಂಗಳಿಗೆ ಅರ್ಧ ತಾಸು. ಆಗಬಹುದಾ?’

ಮಾನಮ್ಮ ಸ್ವಲ್ಪ ದೂರ ನಡೆದಳು. ಸಿಟ್ಟು ಇಳಿದಿತ್ತು. ‘ರಿ’ ಮರಳಿ ಬಂದಿತ್ತು.

‘ಆಗಲಿರಿ ಅಕ್ಕೋರ. ನೀವು ನಿಂದರತೀರಿ, ಗೊತ್ತದ ನನಗ. ನೀವು ನಿಮ್ಮೂರಿಗೆ ಹೋದ ಮ್ಯಾಲ ಯಾರು ನಿಂದರತಾರ?’

ಕಚೇರಿಯ ಪತ್ರಕ್ಕೆ ನಾನು ಇನ್ನೂ ಉತ್ತರ ಬರೆದಿರಲಿಲ್ಲ. ಹಿಂದಿನಿಂದ ಒಮ್ಮೆಲೇ ಮಾತು, ನಗು, ಬುತ್ತಿಯ ಪಾತ್ರೆಗಳ ಸದ್ದು ಕೇಳಿತು. ಚಂದ್ರ ಬಂಡೆಯನ್ನು ಬಿಟ್ಟಿರಬೇಕು. ಶರಣಮ್ಮ ನನ್ನ ಹೆಸರು ಹಿಡಿದು ಕೂಗುತ್ತಿದ್ದರು, ಮೊದಲ ಸಲ, ಮೇಡಂ ಎನ್ನದೆ. ಮಾನಮ್ಮ ನಿಂತು ನನ್ನ ಉತ್ತರಕ್ಕೆ ಕಾದಳು. ಅವಳ ಮನೆ ಇನ್ನೂ ಇಪ್ಪತ್ತು ಹೆಜ್ಜೆ ಇತ್ತು. ನಾನು ಟಾರ್ಚನ್ನು ನೆಲಕ್ಕೆ ಹಿಡಿದು, ‘ನಡೀರಿ, ಇಲ್ಲಿ ಕಲ್ಲದ’ ಎಂದೆ.