ಸಿರಿವಂತರಿಗೆ ಹೆಗಲು ಕೊಡುವ ತಿಯೋಡುಲೊ

ಬೆಳಗಿನ ಆರು ಗಂಟೆ. ಲಿಮಾದ ಸಾನ್ ಇಸಿದ್ರೊ ಬಡಾವಣೆಯಲ್ಲಿ ಚಳಿಗಾಲದ ಜಿನುಗು ಮಳೆ ನಿಂತಿಲ್ಲ. ಶವಸಂಸ್ಕಾರದ ಸಂಸ್ಥೆಯೊಂದರ ಹಿಂಬಾಗಿಲ ಕೋಣೆಯಲ್ಲಿ, ವರದಿಗೆಂದು ಬಂದ ನನ್ನೆದುರು, ತಿಯೋಡುಲೊ ಕಾರ್ತಹೇನಾ ಬಿಳಿ ಕೈಗವಸಿಗೆ ಇಸ್ತ್ರಿ ಹಾಕುತ್ತಿದ್ದಾರೆ. ಹನ್ನೊಂದಕ್ಕೆ ನಿವೃತ್ತ ಬ್ಯಾಂಕ್ ಅಧ್ಯಕ್ಷರೊಬ್ಬರ ಶವಪೆಟ್ಟಿಗೆ ಹೊರಬೇಕು. ಅದೇ ಹನ್ನೊಂದಕ್ಕೆ, ಊರಾಚೆಯ ಮರಳುಗುಡ್ಡದ ಸ್ಮಶಾನದಲ್ಲಿ, ಸ್ವಂತ ಅಣ್ಣ ಅಬುಂದಿಯೊನ ಮಣ್ಣು.

ತಿಯೋಡುಲೊಗೆ ಐವತ್ತೊಂಬತ್ತು. ಈ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ, ಕರೆತಂದವನು ಅಬುಂದಿಯೊನೇ. ಪೆರುವಿನಲ್ಲಿ ಗುಲಾಮಗಿರಿ ರದ್ದಾದದ್ದು 1854ರಲ್ಲಿ. ದೊಡ್ಡ ಮನೆತನಗಳ ಶವಕ್ಕೆ ಕರಿಯರೇ ಹೆಗಲು ಕೊಡಬೇಕೆಂಬ ಪದ್ಧತಿ ಮಾತ್ರ ಹೋಗಿಲ್ಲ. ಆರು ಜನ, ಒಂದೇ ಎತ್ತರ, ಒಂದೇ ಬಣ್ಣ. ವಾರಕ್ಕೆ ನಾಲ್ಕೈದು ಪೆಟ್ಟಿಗೆ. ತಿಯೋಡುಲೊ ಅವರ ಎಡ ಹೆಗಲು ಬಲಕ್ಕಿಂತ ಒಂದು ಬೆರಳು ಜಗ್ಗಿದೆ.

“ಬದುಕಿರೋವಾಗ ನಮ್ಮನ್ನ ಮುಂಬಾಗಿಲಿಗೇ ಸೇರಿಸಲ್ಲ. ಸತ್ತ ಮೇಲೆ ನಾವಿಲ್ದೆ ಮನೆಯಿಂದ ಹೊರಡಲ್ಲ ಪುಣ್ಯಾತ್ಮರು,” ಎಂದು ಜೊತೆಗಾರ ನಿಕಾಸಿಯೊ ನಗುತ್ತಾರೆ.

ರಜೆ ಕೇಳಿದ್ದಕ್ಕೆ ವ್ಯವಸ್ಥಾಪಕರು ಬದಲಿ ಆಳು ತರಲು ಹೇಳಿದ್ದಾರೆ. ತಿಯೋಡುಲೊ ಅಳಿಯ ವಿಲ್ಮರ್‌ನನ್ನು ಕರೆತಂದಿದ್ದಾರೆ. ವಿಲ್ಮರ್‌ನ ತಂದೆ ಕರಿಯ, ತಾಯಿ ಆಂಡಿಸ್ ಬೆಟ್ಟದವಳು. ವ್ಯವಸ್ಥಾಪಕರು ಅವನನ್ನು ಉಳಿದ ಐವರ ಪಕ್ಕ ನಿಲ್ಲಿಸಿ ನೋಡುತ್ತಾರೆ.

“ಎತ್ತರ ಸರಿಯಾಗಿದೆ. ಬಣ್ಣ ಸಾಲದು. ಫೋಟೋದಲ್ಲಿ ಎದ್ದು ಕಾಣುತ್ತೆ, ಮನೆಯವರು ಒಪ್ಪಲ್ಲ.”

“ಒಂಚೂರು ಇದ್ದಿಲು ಬಳಿಯೋಣ್ವಾ ಸಾಹೇಬ್ರೆ?” ನಿಕಾಸಿಯೊ ಕೇಳುತ್ತಾರೆ. ಯಾರೂ ನಗುವುದಿಲ್ಲ.

“ಮಾವ, ನೀವು ಹೊರಡಿ. ಏನ್ ಮಾಡ್ಕೋತಾರೋ ಮಾಡ್ಕೊಳ್ಳಲಿ,” ಎನ್ನುತ್ತಾನೆ ವಿಲ್ಮರ್.

“ನಾಳೆಯಿಂದ ಬರಬೇಡ ಅಂತಾರೆ, ಅಷ್ಟೇ. ನಿಮ್ಮತ್ತೆ ಔಷಧಿ ನಿಲ್ಲುತ್ತೆ. ನೀನೇ ಗುಡ್ಡಕ್ಕೆ ಹೋಗಪ್ಪ, ನನ್ನ ಜಾಗದಲ್ಲಿ ಹೆಗಲು ಕೊಡು. ಅಲ್ಲಿ ಯಾರೂ ಬಣ್ಣ ನೋಡಲ್ಲ.”

ಹನ್ನೊಂದಕ್ಕೆ ಸರಿಯಾಗಿ ಪೆಟ್ಟಿಗೆ ಚರ್ಚಿನ ಮೆಟ್ಟಿಲಿಳಿಯುತ್ತದೆ. ಹೊರುವವರು ಅಳಕೂಡದು, ಅದು ಕಟ್ಟುನಿಟ್ಟಿನ ನಿಯಮ. ಮುಂದಿನ ಸಾಲಿನಲ್ಲಿರುವ ತಿಯೋಡುಲೊ ಅವರ ಕೆನ್ನೆ ಒದ್ದೆಯಾಗಿದೆ. ಒರೆಸಿಕೊಳ್ಳಲು ಕೈಗೆ ಬಿಡುವಿಲ್ಲ.

ಪೆಟ್ಟಿಗೆ ವಾಹನ ಸೇರಿದ ಮೇಲೆ ಬ್ಯಾಂಕ್ ಅಧ್ಯಕ್ಷರ ಮಗಳು ಹತ್ತಿರ ಬರುತ್ತಾರೆ. “ಅಪ್ಪನಿಗೋಸ್ಕರ ನೀನಾದ್ರೂ ಕಣ್ಣೀರು ಹಾಕಿದೆಯಲ್ಲ.”

“ದೊಡ್ಡ ಮನುಷ್ಯರು ಅಮ್ಮಾ,” ಎಂದು ತಿಯೋಡುಲೊ ತಲೆಬಾಗುತ್ತಾರೆ.

ಆಕೆ ಹೋದ ಮೇಲೆ ನನ್ನತ್ತ ತಿರುಗುತ್ತಾರೆ. “ಅಣ್ಣ ಇದ್ದಿದ್ರೆ ಬೈತಿದ್ದ, ಅತ್ತಿದ್ದಕ್ಕೆ. ಆದ್ರೆ ಪೆಟ್ಟಿಗೆ ಒಂಚೂರೂ ವಾಲಲಿಲ್ಲ, ನೋಡಿದ್ರಲ್ಲ?”