ಎಲ್ಲ ಕೆಲಸ ಮಾಡಿದವರು ಯಾರು?

ಆಸ್ಪತ್ರೆಯ ವಿಚಾರಣಾ ಕೌಂಟರಿನಲ್ಲಿ ಕೂತು ಕೂತು ಅವಳಿಗೆ ‘ಎನ್‌ಕ್ವೈರಿ ಅಕ್ಕ’ ಎಂಬ ಹೆಸರೇ ಅಂಟಿಕೊಂಡಿತ್ತು. ಎಕ್ಸ್‌ರೇ ಎಲ್ಲಿ, ಡಾಕ್ಟರು ಯಾವಾಗ ಬರುತ್ತಾರೆ ಎಂದು ಕೇಳಿದವರಿಗೆಲ್ಲ ತಾಳ್ಮೆಯಿಂದ ಉತ್ತರಿಸುವವಳು, ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಮಾತ್ರ ಹಲ್ಲು ಕಡಿಯುತ್ತಿದ್ದಳು. ಮರುದಿನ ಆಸ್ಪತ್ರೆ ಸಿಬ್ಬಂದಿಗೆ ಆಂತರಿಕ ಪರೀಕ್ಷೆ. ಪಾಸಾದರೆ ದಾಖಲೆ ವಿಭಾಗದಲ್ಲಿ ಡೇಟಾಬೇಸ್ ಕೆಲಸ, ಹಗಲು ಪಾಳಿ. ಇಲ್ಲದಿದ್ದರೆ ಮತ್ತದೇ ಮಧ್ಯಾಹ್ನದ ಪಾಳಿ. ಅವಳು ಮನೆ ಸೇರುವಷ್ಟರಲ್ಲಿ ಮಗಳು ಪುಟ್ಟಿಗೆ ನಿದ್ದೆ.

ಕಳೆದ ಸಲ ಅವಳನ್ನು ಕೆಡವಿದ್ದು ರಿಲೇಷನಲ್ ಆಲ್ಜೀಬ್ರಾ, ಅಂದರೆ ಕೋಷ್ಟಕಗಳನ್ನು ಕೂಡಿ ಕಳೆದು ಉತ್ತರ ಹೆಕ್ಕುವ ಲೆಕ್ಕ. ಸಿಗ್ಮಾ ಚಿಹ್ನೆ ಹಾಕಿ ಬೇಕಾದ ಸಾಲು ಆರಿಸುವುದು, ಪೈ ಹಾಕಿ ಬೇಕಾದ ಕಾಲಂ ಉಳಿಸಿಕೊಳ್ಳುವುದು ನೀರು ಕುಡಿದಷ್ಟು ಸಲೀಸು. ಆದರೆ ‘ಎಲ್ಲ ತಪಾಸಣೆ ಮಾಡಿಸಿದ ರೋಗಿಗಳು ಯಾರು’ ಎಂದರೆ, ಬರೀ ರಕ್ತಪರೀಕ್ಷೆ ಮಾಡಿಸಿ ಹೋದವರೂ ಅವಳ ಉತ್ತರದಲ್ಲಿ ಬಂದು ಸಾಲಾಗಿ ನಿಲ್ಲುತ್ತಿದ್ದರು.

ಪುಸ್ತಕದ ಉದಾಹರಣೆ ತಲೆಗೆ ಹತ್ತದೆ, ಈ ಸಲ ತನ್ನ ಮನೆಯನ್ನೇ ಕೋಷ್ಟಕಕ್ಕೆ ಇಳಿಸಿದಳು. ಒಂದರಲ್ಲಿ ಮನೆಯ ದೊಡ್ಡವರು, ಇನ್ನೊಂದರಲ್ಲಿ ಮನೆಗೆಲಸಗಳು, ಮತ್ತೊಂದರಲ್ಲಿ ಈ ವಾರ ಯಾರು ಏನು ಮಾಡಿದರು ಎಂಬುದು. ಎಲ್ಲ ಕೆಲಸ ಮಾಡಿದವರು ಯಾರು? ಅವಳೇ, ಇನ್ಯಾರು! ಗುಂಡಿ ಒತ್ತಿದಳು. ಮನೆಮಂದಿಯೆಲ್ಲರ ಹೆಸರೂ ಬಂತು.

“ನೋಡಮ್ಮಾ, ನಾನೂ ಇದೀನಿ!” ಲಾರಿ ಮೆಕ್ಯಾನಿಕ್ ಗಂಡ ತಾಯಿಯನ್ನು ಕರೆದ.

“ಒಂದು ದಿನ ಕಸ ಹೊರಗಿಟ್ರಲ್ಲ, ಅದಕ್ಕೆ ಬಂದಿದೆ ಕಣ್ರೀ.”

“ಇಟ್ಟಿದ್ದು ಇಟ್ಟಿದ್ದೇ ತಾನೇ?”

“ಆ ಲ್ಯಾಪ್‌ಟಾಪ್ ಡಬ್ಬಕ್ಕೂ ನಿನ್ನ ಹಾಗೇ ಲೆಕ್ಕ ಬರಲ್ಲ ಅಂತ ಕಾಣುತ್ತೆ ಕಣೋ,” ಎಂದರು ಅತ್ತೆ, ಬಟ್ಟೆ ಮಡಚುತ್ತಾ.

ಅಷ್ಟರಲ್ಲಿ ಪುಟ್ಟಿ ತೊಡೆಯೇರಿ ಕೀಲಿಮಣೆ ಬಡಿದು ಬರೆದದ್ದೆಲ್ಲ ಅಳಿಸಿದಳು. “ಅಯ್ಯೋ, ನನ್ನ ಜೀವ ತಿನ್ನೋಕೇ ಹುಟ್ಟಿದೀರ ಎಲ್ಲರೂ!” ಎಂದು ಗೊಣಗುತ್ತ ಅವಳು ಪ್ರಶ್ನೆಯನ್ನು ತಲೆಕೆಳಗು ಮಾಡಿದಳು. ಪ್ರತಿಯೊಬ್ಬರನ್ನೂ ಪ್ರತಿ ಕೆಲಸಕ್ಕೂ ಜೋಡಿಸು. ಮಾಡಿದ್ದನ್ನು ಕಳೆ. ಉಳಿದ ಸಾಲುಗಳಲ್ಲಿ ಯಾರ ಹೆಸರಿದೆಯೋ ಅವರು ಏನನ್ನೋ ಬಿಟ್ಟವರು. ಅವರನ್ನು ಮನೆಮಂದಿಯಿಂದ ಕಳೆದರೆ ಎಲ್ಲ ಮಾಡಿದವರು ಸಿಗಬೇಕು.

ಉತ್ತರ ಖಾಲಿ. ಒಂದು ಹೆಸರೂ ಇಲ್ಲ.

“ಹಾಳಾಗಿ ಹೋಗ್ಲಿ! ಬೆನ್ನು ಮುರಿಯೋ ಹಾಗೆ ದುಡೀತೀನಿ, ನನ್ನ ಹೆಸರೂ ಇಲ್ವಂತೆ!” ಆವರಣ ಚಿಹ್ನೆಗಳನ್ನು ತಡಕಾಡಿದಳು, ತಪ್ಪು ಸಿಗಲಿಲ್ಲ. ಕೊನೆಗೆ, ಕಳೆದಾಗ ಉಳಿದ ಸಾಲುಗಳನ್ನು ತೆಗೆದು ನೋಡಿದಳು. ಅವಳ ಹೆಸರಿನ ಎದುರು ಒಂದೇ ಒಂದು ಕೆಲಸವಿತ್ತು: ಪುಟ್ಟಿಯನ್ನು ಮಲಗಿಸುವುದು.

“ಸರಿಯಾಗೇ ಇದೆಯಲ್ಲಮ್ಮ,” ಅತ್ತೆ ಮೆಲ್ಲಗೆ ಅಂದರು. “ರಜೆ ದಿನಾನೂ ನೀನು ಓದ್ತಾ ಕೂತಿದ್ದೆ. ನಾನೇ ಮಲಗಿಸಿದ್ದು.”

ಅವಳು ಆ ಸಾಲನ್ನು ಇನ್ನೊಮ್ಮೆ ಓದಿದಳು. ಗಂಡ ಬಗ್ಗಿ ನೋಡಿದ. “ಒಂದು ಸಾಲು ಸೇರಿಸಿಬಿಡೇ, ಯಾರು ಕೇಳ್ತಾರೆ? ನಿನ್ನ ಹೆಸರು ಬರುತ್ತೆ.”

“ಪರೀಕ್ಷೇಲಿ ಬೇಕಾಗಿರೋದು ಸರಿ ಉತ್ತರ ರೀ, ನನ್ನ ಹೆಸರಲ್ಲ!”

ಎಲ್ಲ ಅಳಿಸಿ, ಪುಸ್ತಕ ಮುಚ್ಚಿ, ಮೊದಲಿಂದ ಬರೆದಳು. ಮತ್ತೆ ಖಾಲಿ. ಈ ಸಲ ಬೈಯಲಿಲ್ಲ; ಚೀಲ ಹೆಗಲಿಗೇರಿಸಿ ಪಾಳಿಗೆ ಓಡಿದಳು.

ಪರೀಕ್ಷೆಯಲ್ಲಿ ‘ಎಲ್ಲ’ದ ಪ್ರಶ್ನೆ ಬಂದೇ ಬಂತು. ಬಿಟ್ಟವರನ್ನು ಮೊದಲು ಹಿಡಿದಳು, ಪಾಸಾದಳು.

ಹಗಲು ಪಾಳಿಯ ಮೊದಲ ದಿನ ರಾತ್ರಿ, ದೀಪ ಆರಿಸಿ ಮಗಳ ಪಕ್ಕ ಮಲಗಿದಳು.

“ನೀನು ಬೇಡ, ಅಜ್ಜಿ ಬೇಕು!” ಪುಟ್ಟಿ ಒದ್ದಳು. “ನಿಂಗೆ ತಟ್ಟೋಕೆ ಬರಲ್ಲ!”

“ಬರುತ್ತೆ ಸುಮ್ನಿರೇ!”

“ಬರಲ್ಲ. ಮೆತ್ತಗೆ ತಟ್ಬೇಕು.”

ಅವಳು ಹಲ್ಲು ಕಚ್ಚಿಕೊಂಡು, ಇನ್ನಷ್ಟು ಮೆತ್ತಗೆ ತಟ್ಟತೊಡಗಿದಳು.